ಶೇಕಡಾ ಲೆಕ್ಕದ ಪಕ್ಕದಲ್ಲಿ ಮತಗಳ ಸಂಖ್ಯೆಯೂ ಇರಲಿ

ಮಾನ್ಯ ಸಂಪಾದಕರೇ,

2028ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಮಾತು ಪತ್ರಿಕೆಗಳಲ್ಲಿ ಈಗಲೇ ಶುರುವಾಗಿರುವುದರಿಂದ, ಅಲ್ಲಿನ ಪಕ್ಷಗಳ ಪ್ರಾಥಮಿಕ ಚುನಾವಣೆಗಳ (ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಮತ ಹಾಕಿ ಹೇಳುವ ಚುನಾವಣೆಗಳ) ಫಲಿತಾಂಶವನ್ನು ಪ್ರಕಟಿಸುವ ಬಗೆಯ ಕುರಿತು ನನ್ನದೊಂದು ವಿನಂತಿಯಿದೆ.

2024ರ ಮಾರ್ಚ್ 3ರಂದು ಮುಗಿದ ವಾಷಿಂಗ್ಟನ್ ಡಿ.ಸಿ.ಯ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಯಾಗಲು ಕಣಕ್ಕಿಳಿದಿದ್ದ ನಿಕ್ಕಿ ಹೇಲಿ ಶೇ 63ರಷ್ಟು ಮತ ಪಡೆದು ಡೊನಾಲ್ಡ್ ಟ್ರಂಪ್ ಅವರನ್ನು ಸೋಲಿಸಿದರೆಂಬ ಸುದ್ದಿ ಬಂದಾಗ, ಸಾಗರದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದ ನಾವು ನಾಲ್ವರು ಟ್ರಂಪ್ ಕಥೆ ಮುಗಿಯಿತೆಂದೇ ತೀರ್ಮಾನಿಸಿ ಎದ್ದೆವು. ಆ ಪಕ್ಷದ ಪ್ರಾಥಮಿಕ ಚುನಾವಣೆಯೊಂದನ್ನು ಮಹಿಳೆ ಗೆದ್ದದ್ದು ಅದೇ ಮೊದಲು ಎಂಬುದೂ ನಿಜ. ಆದರೆ ಆ ಶೇ 63 ಎಂದರೆ 1,274 ಮತ. ಟ್ರಂಪ್ ಅವರಿಗೆ ಬಿದ್ದದ್ದು 676. ನಗರದಲ್ಲಿ ನೋಂದಾಯಿತ ರಿಪಬ್ಲಿಕನ್ನರು ಸುಮಾರು 23 ಸಾವಿರ ಇದ್ದರೂ, ಪಕ್ಷವೇ ಒಂದು ಹೋಟೆಲಿನಲ್ಲಿ ಮೂರು ದಿನ ನಡೆಸಿದ ಮತದಾನಕ್ಕೆ ಹತ್ತರಲ್ಲಿ ಒಬ್ಬರೂ ಬಂದಿರಲಿಲ್ಲ. ಮೂರೇ ದಿನಕ್ಕೆ ಹೇಲಿ ಕಣದಿಂದ ಹಿಂದೆ ಸರಿದರು. ಪಕ್ಷದ ಸಮಾವೇಶದಲ್ಲಿ ತಮಗೆ ಮತ ಹಾಕಬೇಕಿದ್ದ ಪ್ರತಿನಿಧಿಗಳನ್ನು ಜುಲೈನಲ್ಲಿ ಬಿಟ್ಟುಕೊಟ್ಟು, ಟ್ರಂಪ್ ಅವರನ್ನೇ ಬೆಂಬಲಿಸಿ ಎಂದರು.

ಅದಕ್ಕೂ ಮೊದಲು, ಜನವರಿ 23ರ ನಡುರಾತ್ರಿ, ನ್ಯೂ ಹ್ಯಾಂಪ್‌ಶೈರ್‌ನ ಡಿಕ್ಸ್‌ವಿಲ್ ನಾಚ್ ಎಂಬ ಬೆಟ್ಟದೂರಿನಲ್ಲಿ ಹೇಲಿ ನೂರಕ್ಕೆ ನೂರು ಮತ ಗಳಿಸಿದ್ದರು. ಮತದಾರರು ಒಟ್ಟು ಆರು ಮಂದಿ, ಅವರಲ್ಲಿ ಇಬ್ಬರು ಯಾವ ಪಕ್ಷಕ್ಕೂ ಸೇರದವರು! ಇಡೀ ರಾಜ್ಯ ಅದೇ ದಿನ ಟ್ರಂಪ್ ಪಾಲಾಯಿತು.

ಶಾಲಾ ಮಾಸ್ತರನಾಗಿದ್ದ ಕಾಲದಲ್ಲಿ ನಾನು ಮತಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ ಚುನಾವಣಾ ಕರ್ತವ್ಯಕ್ಕೆ ಹೋದವನು. ಒಂದು ಸಂಜೆ ಯಂತ್ರದ ಮೊತ್ತಕ್ಕೂ ರಿಜಿಸ್ಟರಿಗೂ ಒಂದು ಮತದ ವ್ಯತ್ಯಾಸ ಬಂತು. ಬಿದ್ದ ಮತಗಳ ಲೆಕ್ಕ ಬರೆಯುವ 17ಸಿ ನಮೂನೆಗೆ ಸಹಿಯಾಗದೆ ಕದಲುವಂತಿರಲಿಲ್ಲ, ಕರೆಂಟೂ ಹೋಗಿತ್ತು. ಬ್ಯಾಟರಿ ಬೆಳಕಿನಲ್ಲಿ ಹೆಬ್ಬೆಟ್ಟಿನ ಗುರುತುಗಳ ಮೇಲೆ ಬೆರಳಾಡಿಸುತ್ತ ಹೋದಾಗ, ಹೆಬ್ಬೆಟ್ಟು ಒತ್ತಿದ ಅಜ್ಜಿಯೊಬ್ಬರು ಗುಂಡಿ ಒತ್ತದೆಯೇ ಮನೆಗೆ ಹೋಗಿದ್ದರೆಂಬುದು ಷರಾ ಅಂಕಣದಲ್ಲಿ ನಾನೇ ಬರೆದಿಟ್ಟ ಸಾಲಿನಿಂದ ನೆನಪಾಯಿತು. ಮತವನ್ನು ಹಾಗೆ ಒಂದೊಂದಾಗಿ ಎಣಿಸಿದವನಿಗೆ ಬರೀ ಶೇಕಡಾ ಲೆಕ್ಕ ರುಚಿಸುವುದಿಲ್ಲ.

ಸಂಖ್ಯೆ ಸಣ್ಣದೆಂದು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ದೆಹಲಿಯಿಂದ ಟಿಕೆಟ್ ಪಟ್ಟಿ ಬರುವವರೆಗೆ ಚಾತಕ ಪಕ್ಷಿಗಳಂತೆ ಕಾಯುವ ನಮ್ಮ ಕಾರ್ಯಕರ್ತರನ್ನು ಕಂಡಾಗ, 2014ರಲ್ಲಿ ಕಾಂಗ್ರೆಸ್ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರದಲ್ಲಿ ಇಂಥದೇ ಒಳಚುನಾವಣೆಯ ಪ್ರಯೋಗ ಮಾಡಿದ್ದು ನೆನಪಾದಾಗ, ಆ ಆರು ಮಂದಿಯ ಬಗ್ಗೆ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ.

ಆದ್ದರಿಂದ ಮುಂದೆ ಇಂಥ ಫಲಿತಾಂಶ ಪ್ರಕಟಿಸುವಾಗ ಬಿದ್ದ ಮತಗಳೆಷ್ಟು, ಪಕ್ಷದ ನೋಂದಾಯಿತ ಮತದಾರರೆಷ್ಟು, ಪಕ್ಷಕ್ಕೆ ಸೇರದವರಿಗೂ ಮತ ಹಾಕಲು ಅವಕಾಶವಿತ್ತೇ ಎಂಬುದನ್ನು ಶೇಕಡಾ ಲೆಕ್ಕದ ಪಕ್ಕದಲ್ಲೇ ಕೊಡಬೇಕೆಂದು ಕೋರುತ್ತೇನೆ. ಅದಕ್ಕೆ ಒಂದು ಸಾಲಿನ ಜಾಗ ಸಾಕು.

— ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕು