ಕ್ವಾರ್ಟರ್ಸ್‌ಗೆ ಹತ್ತು ವರ್ಷ, ಬಾಕಿ ಉಳಿದ ಥ್ಯಾಂಕ್ಸ್

ಹೋದ ತಿಂಗಳು ಅಮ್ಮನ ಕೈಗೆ ನಮ್ಮ ಕ್ವಾರ್ಟರ್ಸ್ ಮನೆಯ ಹಕ್ಕುಪತ್ರ ಬಂತು. ಅವಳ ಹೆಸರಿಗೇ ಇದೆ. ಅಮ್ಮನಿಗೆ ಓದಲು ಬರುವುದಿಲ್ಲ. ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಕೌಂಟರಿನಲ್ಲೇ ಕೇಳಿಕೊಂಡು, ಅದರ ಮೇಲೆ ಹೆಬ್ಬೆರಳಿಟ್ಟುಕೊಂಡೇ ಬಸ್ಸಿನಲ್ಲಿ ಮನೆಗೆ ಬಂದಳು. ಈಗ ಅದು ಎರಡು ಪ್ಲಾಸ್ಟಿಕ್ ಕವರಿನೊಳಗೆ, ಅಟ್ಟದ ಮೇಲಿನ ಅಕ್ಕಿ ಡಬ್ಬಿಯಲ್ಲಿ ಕೂತಿದೆ. ಬೀರು ಇದೆ ಅಲ್ವಾ ಅಂದರೆ, "ಬೀರುಗೆ ನೀರು ನುಗ್ಗುತ್ತೆ" ಅನ್ನುತ್ತಾಳೆ. ನಾವಿರುವುದು ಎರಡನೇ ಮಹಡಿ.

ಈ ಮನೆಯಲ್ಲಿ ಹಾಲುಕ್ಕಿಸಿ ಹತ್ತು ವರ್ಷವಾಯಿತು. 2015ರ ಯುಗಾದಿ ಕಳೆದ ವಾರ ಬೆಂಗಳೂರಿನ ಒಳಗಿನಿಂದ ಬೆಂಗಳೂರಿನ ಅಂಚಿಗೆ ಬಂದೆವು. ಹಕ್ಕುಪತ್ರ ಸಿಕ್ಕ ದಿನ ಕೆಲವರಿಗೆ ಒಂದು ಮಾತು ಹೇಳಬೇಕು ಎಂದು ಆವತ್ತೇ ಅಂದುಕೊಂಡಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ಮನೆ ಕೊಟ್ಟಿದ್ದಕ್ಕೆ ನಾನು ಯಾರಿಗೂ ಕೈ ಮುಗಿಯುತ್ತಿಲ್ಲ. ಇದು 2005ರಲ್ಲಿ ಶುರುವಾದ ನರ್ಮ್, ಅಂದರೆ ಕೇಂದ್ರ ಸರ್ಕಾರದ ನಗರ ನವೀಕರಣ ಯೋಜನೆಯಲ್ಲಿ ಕೊಳಗೇರಿಯವರಿಗೆ ಕಟ್ಟಿದ ಮನೆ. ಮನೆ ಕಡಿಮೆ ಅಂದರೂ 25 ಚದರ ಮೀಟರ್ ಇರಬೇಕು, ಖರ್ಚಿನಲ್ಲಿ 12 ಪರ್ಸೆಂಟ್ ಮನೆಯವರೇ ಹಾಕಬೇಕು, ನಮ್ಮಂಥ ಪರಿಶಿಷ್ಟ, ಹಿಂದುಳಿದ ವರ್ಗದವರಾದರೆ 10 ಪರ್ಸೆಂಟ್ ಎಂದು ಅದರ ನಿಯಮದಲ್ಲೇ ಇತ್ತು. ಆ ಹತ್ತು ಪರ್ಸೆಂಟನ್ನು ಅಮ್ಮ ಚೀಟಿ ಎತ್ತಿ ಕಟ್ಟಿದಳು. ಅಪ್ಪ ಇಪ್ಪತ್ತು ವರ್ಷ ಈ ಊರಿನ ಅಪಾರ್ಟ್‌ಮೆಂಟುಗಳಿಗೆ ಗಾರೆ ಕಲಸಿದ್ದಾರೆ. ರಿಬ್ಬನ್ ಕತ್ತರಿಸಿದವರಿಗೆ ಆವತ್ತೇ ಹಾರ ಹಾಕಿ ಆಗಿದೆ. ಅಲ್ಲಿಗೆ ಆ ಲೆಕ್ಕ ಚುಕ್ತಾ.

ಬಾಕಿ ಇರುವುದು ಬೇರೆಯವರದು.

ಹಳೇ ಜಾಗದಲ್ಲಿ ನಮ್ಮ ಪಕ್ಕದ ಶೆಡ್ಡಿನಲ್ಲಿದ್ದ ಅತ್ತೆಯದು ಎಲ್ಲಕ್ಕಿಂತ ದೊಡ್ಡ ಬಾಕಿ. ನಾವಿದ್ದದ್ದು ರಾಜಕಾಲುವೆ ಪಕ್ಕ. ನನಗೆ ಹನ್ನೆರಡು ವರ್ಷ ಇದ್ದಾಗ ಒಂದು ರಾತ್ರಿ ಮಳೆಗೆ ಕಾಲುವೆ ಉಕ್ಕಿ ಸೊಂಟದ ತನಕ ನೀರು ಬಂತು. ಅಮ್ಮ ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿದಳು. ಅತ್ತೆ ವಾಪಸ್ ಒಳಗೆ ಹೋದರು. ನಮ್ಮ ರೇಷನ್ ಕಾರ್ಡು, ಅಪ್ಪ ಅಮ್ಮನ ವೋಟರ್ ಕಾರ್ಡು ಇದ್ದ ಕವರು ಮೊಳೆಗೆ ನೇತು ಹಾಕಿದ್ದು ಅವರಿಗೆ ಗೊತ್ತಿತ್ತು. ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಬಂದರು. ಆ ಕಾಗದ ಇಲ್ಲದೆ ಹೋಗಿದ್ದರೆ ಮನೆ ಸಿಗುವವರ ಪಟ್ಟಿಯಲ್ಲಿ ನಮ್ಮ ಹೆಸರೇ ಇರುತ್ತಿರಲಿಲ್ಲ.

ಸರ್ವೆಯವರು ಬಂದ ದಿನ ಅತ್ತೆ ತಾಯಿಯ ತಿಥಿಗೆ ಊರಿಗೆ ಹೋಗಿದ್ದರು. ಬೀಗ ಹಾಕಿದ್ದ ಶೆಡ್ಡನ್ನು ಬಿಟ್ಟು ಮುಂದಿನದಕ್ಕೆ ನಂಬರ್ ಬರೆದರು. ನಮ್ಮದು 41, ಆಚೆಯವರದು 42. ಮಧ್ಯದಲ್ಲಿದ್ದ ಅತ್ತೆಗೆ ನಂಬರೇ ಇಲ್ಲ. ನಾವೆಲ್ಲ ಹೋಗಿ ಹೇಳಿದೆವು. ಯಾರೂ ಕೇಳಲಿಲ್ಲ. ಅವರು ಈಗಲೂ ಬಾಡಿಗೆ ಶೀಟ್ ಮನೆಯಲ್ಲಿದ್ದಾರೆ. ಹಕ್ಕುಪತ್ರ ತೋರಿಸಲು ಅಮ್ಮ ಮೊದಲು ಹೋಗಿದ್ದು ಅಲ್ಲಿಗೇ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನೆನೆಸಬೇಡ್ರೇ" ಎಂದರಂತೆ. ಅಮ್ಮ ಇದನ್ನು ನನಗೆ ಹೇಳಿದ್ದು ಎರಡು ದಿನ ಬಿಟ್ಟು.

ಇಲ್ಲಿ ಮನೆ ಹಂಚಿದ್ದು ಲಾಟರಿಯಲ್ಲಿ. ಒಂದೇ ಸಾಲಿನಲ್ಲಿದ್ದವರು ಆರು ಬ್ಲಾಕಿಗೆ ಚದುರಿ ಹೋದೆವು. ನೆಲಮಹಡಿ, ಅದರ ಮೇಲೆ ಮೂರು, ಲಿಫ್ಟ್ ಇಲ್ಲ. ಮಂಡಿನೋವಿನ ಅಜ್ಜಿಗೆ ಮೂರನೇ ಮಹಡಿ ಬಂತು. ಕಬಾಬ್ ಗಾಡಿಯ ಅಣ್ಣನಿಗೆ ನೆಲಮಹಡಿ. ಗಾಡಿ ಇಟ್ಟವರಿಗೆ ನೆಲಮಹಡಿ ಅಂದರೆ ಬಂಗಾರ. ಅಣ್ಣ ಒಂದು ರಾತ್ರಿ ಯೋಚನೆ ಮಾಡಿ, ಬೆಳಗ್ಗೆ ಅಜ್ಜಿಯ ಕೈಗೆ ತನ್ನ ಬೀಗದ ಕೈ ಕೊಟ್ಟರು. ಇಂಥದ್ದಕ್ಕೆ ಕಚೇರಿಯಲ್ಲಿ ಫಾರಂ ಇರಲಿಲ್ಲ, ಒಪ್ಪಿಸಲು ಎಂಟು ಸಲ ಅಲೆದರು. ಆವತ್ತಿಂದ ದಿನಾ ಸಂಜೆ ಎಣ್ಣೆ ಡಬ್ಬ, ಬಾಣಲೆ, ಸಿಲಿಂಡರ್ ಹೊತ್ತು ಮೂರು ಮಹಡಿ ಇಳಿಯುತ್ತಾರೆ. ರಾತ್ರಿ ಮತ್ತೆ ಹತ್ತುತ್ತಾರೆ. ಲಾಕ್‌ಡೌನಿನಲ್ಲಿ ಗಾಡಿ ನಿಂತುಹೋಗಿತ್ತು. ಆಮೇಲೆ ಬೀದಿ ವ್ಯಾಪಾರಿಗಳಿಗೆ ಕೊಡುವ ಸ್ವನಿಧಿಯ 10,000 ರೂಪಾಯಿ ಸಾಲ ತಂದು ಮತ್ತೆ ಒಲೆ ಹಚ್ಚಿದಾಗ ಮೊದಲ ಪ್ಲೇಟು ಅಜ್ಜಿಗೇ ಹೋಯಿತು. ಅಜ್ಜಿಗೆ ಹಲ್ಲಿಲ್ಲ. ಆದರೂ ಬಿಡಲಿಲ್ಲ.

ಆ ನೆಲಮಹಡಿ ಮನೆಯೇ ನಮ್ಮ ಮೊದಲ ಅಂಗನವಾಡಿ ಆಯಿತು. ಅದರ ಹಿಂದೆ ಇರುವುದು ವಕೀಲಕ್ಕ. ಶನಿವಾರ ಬಂದು ನಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಭಾಷಣ ಇಲ್ಲ, ಫೋಟೋ ಇಲ್ಲ. ಅಮ್ಮಂದಿರು ಕೆಲಸಕ್ಕೆ ಹೋದ ಮೇಲೆ ಪುಟ್ಟ ಮಕ್ಕಳು ಸಂಪಿನ ಸುತ್ತ ಆಡುವುದನ್ನು ನೋಡಿ, ಅಂಗನವಾಡಿ ಯಾಕಿಲ್ಲ ಎಂದು ಕೇಳಿದರು. ನಮ್ಮ ಕಡೆಯವರೆಗೂ ಯೋಜನೆ ಬಂದಿಲ್ಲವಂತೆ ಅಂದೆವು. ಆಗ ಅವರು ಹೇಳಿದ್ದು: ಕೊಳಗೇರಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು, ಜನ ಕೇಳಿದರೆ, ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲೇ ಆದೇಶ ಮಾಡಿದೆ. ಕೇಳಬೇಕು, ಅಷ್ಟೇ. ಹಾಗೆ ಕೇಳಬಹುದು ಅಂತಲೇ ನಮಗೆ ಗೊತ್ತಿರಲಿಲ್ಲ.

ನಾನು ಆಗ ಪಿಯುಸಿ. ತಮ್ಮನ ಹಳೇ ನೋಟ್‌ಬುಕ್ ಹಿಡಿದು, ಎಲ್ಲರೂ ಕೆಲಸದಿಂದ ಬಂದ ಮೇಲೆ, ರಾತ್ರಿ ಒಂಬತ್ತರ ನಂತರ ಬಾಗಿಲು ಬಾಗಿಲಿಗೆ ಹೋಗಿ ಮಕ್ಕಳನ್ನು ಎಣಿಸಿದೆ. ಅವಳಿ ಮಕ್ಕಳನ್ನು ಒಂದೇ ಮಗು ಎಂದುಕೊಂಡು ಒಂದು ಸಲ ಲೆಕ್ಕ ತಪ್ಪಿತು. ಕೊನೆಗೆ 63 ಬಂತು. ಅರ್ಜಿ ಕೊಟ್ಟೆವು. ಮೂರು ತಿಂಗಳಿಗಲ್ಲ, ಹದಿನಾಲ್ಕು ತಿಂಗಳಿಗೆ ಬಂತು. ಕಟ್ಟಡ ಇರಲಿಲ್ಲ, ಅಜ್ಜಿ ಮುಂದಿನ ಕೋಣೆ ಬಿಟ್ಟುಕೊಟ್ಟರು. ಅಂಗನವಾಡಿ ಟೀಚರಿಗೂ ಒಂದು ನಮಸ್ಕಾರ. ಕನ್ನಡ, ತಮಿಳು, ತೆಲುಗು, ಉರ್ದು, ನಾಲ್ಕರಲ್ಲೂ "ಕೈ ತೊಳ್ಕೋ" ಎಂದು ಹೇಳಲು ಅವರು ಕಲಿತಿದ್ದಾರೆ.

ತಮ್ಮನ ಶಾಲೆಯ ಹೆಡ್‌ಮಿಸ್ ಬಗ್ಗೆ ಹೇಳಲೇಬೇಕು. ಟಿಸಿ ಇಲ್ಲದೆ ಸೇರಿಸಲ್ಲ ಎಂದು ಒಂದು ಶಾಲೆ ನಮ್ಮನ್ನು ವಾಪಸ್ ಕಳಿಸಿತ್ತು. ಈ ಹೆಡ್‌ಮಿಸ್, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತು ಅಂತ ಮಗುವನ್ನು ಹೊರಗಿಡುವ ಹಾಗಿಲ್ಲ ಎಂದು ಹೇಳಿ, ಆವತ್ತೇ ಕ್ಲಾಸಿಗೆ ಕಳಿಸಿದರು. ಊರಿನ ಕೆಲವರು ಬಂದು, ಕ್ವಾರ್ಟರ್ಸ್ ಮಕ್ಕಳನ್ನು ಬೇರೆ ಕೂರಿಸಿ ಎಂದರು. ಅವರು ಜಗಳ ಆಡಲಿಲ್ಲ. ಮಾರನೇ ದಿನ ಇಡೀ ತರಗತಿಯನ್ನು ಎತ್ತರದ ಪ್ರಕಾರ ಕೂರಿಸಿದರು. ತಮ್ಮ ಗಿಡ್ಡ, ಮುಂದಿನ ಬೆಂಚು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದು ದೂರು ಹೇಳಲು ಬಂದವರ ಮಗನೇ. ಈಗ ಇಬ್ಬರೂ ಒಂದೇ ಗಾಡಿಯಲ್ಲಿ ಕಾಲೇಜಿಗೆ ಹೋಗುತ್ತಾರೆ, ಹೆಲ್ಮೆಟ್ ಇಲ್ಲದೆ. ಅದಕ್ಕೆ ಮನೆಯಲ್ಲಿ ಬೇರೆ ಬೈಗುಳ ಇದೆ.

ಊರಹಬ್ಬಕ್ಕೆ ನಮ್ಮನ್ನು ಕರೆಯಲು ನಾಲ್ಕು ವರ್ಷ ಹಿಡಿಯಿತು. ಚಿಲ್ಲರೆ ಅಂಗಡಿಯ ಅಕ್ಕ ಒಂದು ದಿನ ಅಮ್ಮನಿಗೆ ಬೆಲ್ಲ ತೂಗಿ ಕೊಡುತ್ತಾ, "ಈ ಸಲ ನಿಮ್ಮ ಬಿಲ್ಡಿಂಗಿಂದಲೂ ತಂಬಿಟ್ಟಿನ ಆರತಿ ಬರಲಿ" ಎಂದರು. ಸುಮ್ನೆ ಹೇಳಿದ್ದಾರೆ ಎಂದುಕೊಂಡೆವು. ಹಬ್ಬದ ದಿನ ಅವರೇ ಗೇಟಿನ ಹತ್ತಿರ ಬಂದು ನಿಂತರು. ಮೊದಲ ವರ್ಷ ಮೆರವಣಿಗೆಯ ಕೊನೆಯಲ್ಲಿ ನಡೆದೆವು. ಮುಂದಿನ ವರ್ಷ ಅಕ್ಕ ಅಮ್ಮನ ಕೈ ಹಿಡಿದು ಸಾಲಿನ ಮಧ್ಯಕ್ಕೆ ಎಳೆದುಕೊಂಡರು. ಗುಡಿಯ ಬಾಗಿಲಲ್ಲಿ ಏನಾಯಿತು ಎಂಬುದು ಬೇರೆ ಕತೆ, ಅದು ಥ್ಯಾಂಕ್ಸ್ ಬರಹಕ್ಕೆ ಹೊಂದುವುದಿಲ್ಲ.

ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ಮುಂಬೈ ಫುಟ್‌ಪಾತಿನ ಜನರ ಕೇಸಿನಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಇದೂ ವಕೀಲಕ್ಕ ಹೇಳಿದ್ದೇ. ನಮ್ಮ ಮನೆಗಳನ್ನು ಕೆಲಸದ ಜಾಗದಿಂದ ಹದಿನೆಂಟು ಕಿಲೋಮೀಟರ್ ಆಚೆ ಕಟ್ಟುವಾಗ ಯಾರಿಗೂ ಅದು ನೆನಪಾಗಿರಲಿಲ್ಲ ಅನ್ನಿಸುತ್ತದೆ. ಅಮ್ಮ ಮೂರು ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಮನೆಯ ಸಂಬಳ ಪೂರಾ ಬಸ್ ಪಾಸಿಗೇ ಹೋಗುತ್ತಿತ್ತು. ನಮ್ಮ ಬಿಲ್ಡಿಂಗಿನ ಎಷ್ಟೋ ಜನ ಆ ಒಂದು ಕಾರಣಕ್ಕೇ ಕೆಲಸ ಬಿಟ್ಟರು. ಕೆಲವರು ಮನೆಗೆ ಬೀಗ ಹಾಕಿ ಹಳೇ ಕಡೆಗೇ ಬಾಡಿಗೆಗೆ ಹೋದರು. ಬೈಯುವವರು ಬೈದರು, ಕೊಟ್ಟ ಮನೆ ಉಳಿಸಿಕೊಳ್ಳಲ್ಲ ಎಂದು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಅದಕ್ಕೂ ನಾನು ಥ್ಯಾಂಕ್ಸ್ ಹೇಳುವವಳಲ್ಲ. ಅಮ್ಮ ಹೇಳಲೇಬೇಕು ಅಂದಳು. ಹೇಳಿದ್ದೇನೆ.

ಇನ್ನು ಒಬ್ಬರು ಉಳಿದರು. ಅವರ ಹೆಸರು ನಮಗೆ ಗೊತ್ತಿಲ್ಲ. ಆಗ ಕ್ವಾರ್ಟರ್ಸ್ ಎದುರು ಸ್ಟಾಪ್ ಇರಲಿಲ್ಲ. ಒಂದು ಕಿಲೋಮೀಟರ್ ಆಚೆ ಹೋಗಿ ಹತ್ತಬೇಕಿತ್ತು. ಬೆಳಗ್ಗೆ ಐದೂ ಮುಕ್ಕಾಲಿಗೆ ಕತ್ತಲು, ನಾಯಿಗಳು ಬೇರೆ. ಮೊದಲ ಬಸ್ಸಿನ ಕಂಡಕ್ಟರ್ ಒಬ್ಬರು ನಮ್ಮ ಗೇಟಿನ ಎದುರು ಶಿಳ್ಳೆ ಹಾಕಿ ನಿಲ್ಲಿಸಲು ಶುರು ಮಾಡಿದರು. ಅಮ್ಮ ಬರುವುದು ತಡವಾದರೆ ಮೆಟ್ಟಿಲ ಕಡೆ ನೋಡಿ ಇನ್ನೊಂದು ನಿಮಿಷ ಕಾಯಿಸುತ್ತಿದ್ದರು. ಬೇರೆಯವರು "ಸ್ಲಂ ಸ್ಟಾಪ್" ಎಂದು ಕೂಗುತ್ತಿದ್ದ ಜಾಗಕ್ಕೆ ಅವರು ಊರಿನ ಹೆಸರು ಸೇರಿಸಿ ಕೂಗುತ್ತಿದ್ದರು. ಒಂದೂವರೆ ವರ್ಷ ಆದ ಮೇಲೆ ಆ ರೂಟಿನಲ್ಲಿ ಕಾಣಿಸಲಿಲ್ಲ. ಗಿಡ್ಡಗಿದ್ದರು, ಮೀಸೆ ಇತ್ತು, ಕಿವಿಯಲ್ಲಿ ಪೆನ್ನು. ಅಮ್ಮನಿಗೆ ನೆನಪಿರುವುದು ಇಷ್ಟೇ.

ಬರುವ ಭಾನುವಾರ ಅಜ್ಜಿ ಮನೆ ಮುಂದೆ ಶಾಮಿಯಾನ ಹಾಕಿಸುತ್ತಿದ್ದೇವೆ. ಮುದ್ದೆ, ಸೊಪ್ಪಿನ ಸಾರು, ಅಣ್ಣನ ಕಬಾಬ್. ಅತ್ತೆ ಹಿಂದಿನ ದಿನವೇ ಬರುತ್ತಾರೆ. ಕಂಡಕ್ಟರ್ ಅಣ್ಣ, ಇದು ನಿಮ್ಮ ಕಣ್ಣಿಗೆ ಬಿದ್ದರೆ ನೀವೂ ಬನ್ನಿ. ಸ್ಟಾಪು ಈಗ ಗೇಟಿನ ಎದುರಿಗೇ ಇದೆ, ಬೋರ್ಡೂ ಹಾಕಿದ್ದಾರೆ.