ಚಳಿಗಾಲದಲ್ಲಿ ಎಸ್‌ಟಿಪಿ ಬಿಲ್ಲೆ ತೊಳೆಯಬೇಡಿ

ಸಂಪಾದಕರೇ,

ಚಳಿ ಮತ್ತೆ ಶುರುವಾಗಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಘಟಕದಿಂದ ಬರುವ ಫ್ಲಶ್ ನೀರು ಘಾಟು ಹೊಡೆಯುತ್ತಿದೆ ಎಂಬ ದೂರೂ ಶುರುವಾಗುತ್ತದೆ. ಹೋದ ವರ್ಷ ನಮ್ಮಲ್ಲೂ ಹೀಗೇ ಆಯಿತು. ನಿರ್ವಹಣೆಯ ಗುತ್ತಿಗೆದಾರರು ಬಂದು ನೋಡಿ, ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಸತ್ತಿದೆ ಎಂದು ಚೀಲಗಟ್ಟಲೆ ಕಲ್ಚರ್ (ಬ್ಯಾಕ್ಟೀರಿಯಾ) ಪುಡಿ ಸುರಿದು ಬಿಲ್ ಕೊಟ್ಟು ಹೋದರು. ಘಾಟು ಹೋಗಲಿಲ್ಲ. ಕೊನೆಗೆ ನಾನೇ ಎಸ್‌ಟಿಪಿ ಟ್ಯಾಂಕಿಗೆ ಥರ್ಮಾಮೀಟರ್ ಇಳಿಬಿಟ್ಟೆ. ಜನವರಿ ಬೆಳಿಗ್ಗೆ 21 ಡಿಗ್ರಿ ಇತ್ತು. ಮೇ ತಿಂಗಳಲ್ಲಿ ಅದೇ ಟ್ಯಾಂಕು 29 ತೋರಿಸಿತು.

ಈ ವ್ಯತ್ಯಾಸ ಸಣ್ಣದಲ್ಲ. ಘಾಟು ಹೊಡೆಯುವ ಅಮೋನಿಯಾವನ್ನು ವಾಸನೆಯಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಮೊದಲೇ ನಿಧಾನ, ಅವಕ್ಕೆ 30 ಡಿಗ್ರಿ ಆಸುಪಾಸು ಹಿತ. ನೀರು 10 ಡಿಗ್ರಿ ತಣ್ಣಗಾದರೆ ಅವುಗಳ ಕೆಲಸದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಚಳಿಯಲ್ಲಿ ದೋಸೆ ಹಿಟ್ಟನ್ನು ಜಾಸ್ತಿ ಹೊತ್ತು ಬಿಡುತ್ತೇವೆ, ಅಲ್ವಾ? ಇವಕ್ಕೂ ಅಷ್ಟೇ, ಸಮಯ ಕೊಡಬೇಕು.

ನಾವು ಮಾಡಿದ್ದು ಅದರ ಉಲ್ಟಾ. ನಮ್ಮದು ಎಂಬಿಬಿಆರ್, ಅಂದರೆ ಟ್ಯಾಂಕಿನಲ್ಲಿ ತೇಲುವ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಸುವ ಎಸ್‌ಟಿಪಿ. ಈ ವಿಧಾನ 1980ರ ದಶಕದ ಕೊನೆಯಲ್ಲಿ ಹುಟ್ಟಿದ್ದೇ ನಾರ್ವೆಯಲ್ಲಿ, ಕೊಳಚೆ ನೀರು 10 ಡಿಗ್ರಿಗಿಂತ ಕೆಳಗೆ ಇಳಿಯುವ ದೇಶದಲ್ಲಿ. ಬಿಲ್ಲೆಗೆ ಅಂಟಿಕೊಂಡ ಬ್ಯಾಕ್ಟೀರಿಯಾದ ಲೋಳೆ ಪೊರೆ ನೀರಿನ ಜೊತೆ ಕೊಚ್ಚಿಹೋಗುವುದಿಲ್ಲ, ಅದಕ್ಕೇ ಚಳಿಯನ್ನು ತಾಳಿಕೊಳ್ಳುತ್ತದೆ. ಆದರೆ ನಮ್ಮ ಆಪರೇಟರ್ ಡಿಸೆಂಬರಿನಲ್ಲಿ, ಬಿಲ್ಲೆ ಗಲೀಜಾಗಿದೆ ಎಂದು ಪೈಪು ಹಿಡಿದು ಉಜ್ಜಿ ತೊಳೆದುಬಿಟ್ಟಿದ್ದರು. ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದರ ಮೇಲೆ ಕರೆಂಟ್ ಉಳಿಸಲು ರಾತ್ರಿ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಬೇರೆ ಆಫ್. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು, ಗಾಳಿಯೇ ಕೊಡದೆ ಬ್ಯಾಕ್ಟೀರಿಯಾ ಏನು ಮಾಡಬೇಕು?

ಬಿಲ್ಲೆ ಇಲ್ಲದ, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಮೇಲೆ ನಡೆಯುವ ಎಸ್‌ಟಿಪಿ ಇದ್ದವರು ಇನ್ನೂ ಹುಷಾರಾಗಿರಬೇಕು. ಬೇಸಿಗೆಯಲ್ಲಿ ತೆಗೆದಷ್ಟೇ ಸ್ಲಡ್ಜನ್ನು ಈಗಲೂ ತೆಗೆದರೆ, ಬ್ಯಾಕ್ಟೀರಿಯಾ ಬೆಳೆದು ಎರಡಾಗುವ ಮೊದಲೇ ಹೊರಗೆ ಹೋಗಿರುತ್ತದೆ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ನನ್ನದು ಎರಡೇ ಕೋರಿಕೆ. ಎಸ್‌ಟಿಪಿ ಲಾಗ್ ಪುಸ್ತಕದಲ್ಲಿ ದಿನಾ ಬೆಳಗಿನ ನೀರಿನ ಉಷ್ಣಾಂಶ ಬರೆಯುವುದನ್ನು ಕಡ್ಡಾಯ ಮಾಡಿ. ಆಪರೇಟರ್‌ಗಳಿಗೆ ಚಳಿಗಾಲಕ್ಕೆ ಮುಂಚೆ ಕನ್ನಡದಲ್ಲಿ ಒಂದು ದಿನದ ತರಬೇತಿ ಕೊಡಿ. ನಮ್ಮಲ್ಲಂತೂ ಕೊನೆಗೆ ರಾತ್ರಿಯೂ ಬ್ಲೋವರ್ ಓಡಿಸಿ, ಬಿಲ್ಲೆ ಮುಟ್ಟದೆ ಬಿಟ್ಟೆವು. ಪೊರೆ ಮತ್ತೆ ಕೂತು ಘಾಟು ಹೋಗಲು ಐದು ವಾರ ಬೇಕಾಯಿತು.

– ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು