ದಿಂಬು ಜೋಡಿಸುವವಳು

ಪ್ಯಾರಿಸ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ಅಪ್ಪನಿಗೂ. ನಾವಿಬ್ಬರೂ ಕ್ಷೇಮ. ಚಳಿ ಇದೆ, ಸ್ವೆಟರೂ ಇದೆ.

ನಿನ್ನ ಪತ್ರ ಬಂತು. ನಿನ್ನ ಮಂಡಿನೋವಿನ ಬಗ್ಗೆ ಒಂದು ಸಾಲು, ಉಳಿದದ್ದೆಲ್ಲ ನಿನ್ನ ಅತ್ತಿಗೆ ಸರೋಜತ್ತೆಯ ಮೇಲಿನ ದೂರು. ಮಾವನ ಬೆನ್ನಿಗೆ ದಿಂಬು ಜೋಡಿಸುತ್ತಾಳೆ, ಮಾತ್ರೆಯನ್ನು ತಾನೇ ಎಣಿಸಿ ಕೊಡುತ್ತಾಳೆ, ಮಾವನ ಮೊದಲ ಹೆಂಡತಿಯ ಮಗಳು ಶೈಲ ಫೋನ್ ಮಾಡಿದರೆ 'ಈಗಷ್ಟೇ ಮಲಗಿದರು' ಎನ್ನುತ್ತಾಳೆ, ಈಗ ಮನೆಗೆ ವಕೀಲರನ್ನೂ ಕರೆಸಿದ್ದಾಳೆ. ಹನುಮಂತನಗರದ ಮನೆ ಶೈಲಳ ಕೈತಪ್ಪುತ್ತದೆ ಎಂದು ನಿನಗೆ ನಿದ್ದೆಯಿಲ್ಲ. ಆ ಪತ್ರವನ್ನು ಚೀಲದಲ್ಲಿಟ್ಟುಕೊಂಡೇ ನಿನ್ನೆ ನಾಟಕಕ್ಕೆ ಹೋದೆ. ರಂಗದ ಮೇಲೆ ಬಂದವಳೂ ಎರಡನೇ ಹೆಂಡತಿ, ಅವಳೂ ದಿಂಬು ಜೋಡಿಸುವವಳೇ! ಹಾಗಾಗಿ ನಾಟಕದ ಕಥೆ ಹೇಳದೆ ನಿನಗೆ ಉತ್ತರ ಬರೆಯಲು ಸಾಧ್ಯವೇ ಇಲ್ಲ.

ನಮ್ಮ ಬೀದಿಯ ಹಿಂದಿರುವ ಪುಟ್ಟ ರಂಗಮಂದಿರ. ಪರದೆ ಏಳುವ ಮೊದಲು ಕೋಲಿನಿಂದ ನೆಲಕ್ಕೆ ಮೂರು ಸಲ ಕುಟ್ಟುತ್ತಾರೆ, ನಮ್ಮ ಕಲಾಕ್ಷೇತ್ರದ ಮೂರನೇ ಬೆಲ್ಲಿನ ಬದಲಿಗೆ. ಕುಟ್ಟಿದ ಮೇಲೂ ಜನ ಕಾಲು ತುಳಿಯುತ್ತ ಒಳಗೆ ಬರುತ್ತಲೇ ಇದ್ದರು. ಬೆಂಗಳೂರಿನ ರಂಗಶಂಕರದಲ್ಲಿ ತಡವಾಗಿ ಬಂದವರಿಗೆ ಬಾಗಿಲೇ ತೆರೆಯುವುದಿಲ್ಲ ಎಂದು ಪಕ್ಕದ ಹೆಂಗಸಿಗೆ ಹೇಳಿದೆ. ಆಕೆ ನಂಬಿದಂತೆ ಕಾಣಲಿಲ್ಲ.

ನಾಟಕ ಫ್ರೆಂಚ್ ನಾಟಕಕಾರ ಮೊಲಿಯೇರನದು, 'ಲ ಮಲಾದ್ ಇಮಾಜಿನೇರ್', ಅಂದರೆ 'ಕಲ್ಪನೆಯ ರೋಗಿ', 1673ರದ್ದು. ಆರ್ಗಾನ್ ಎಂಬ ಗಟ್ಟಿಮುಟ್ಟಾದ ಸಾಹುಕಾರನಿಗೆ ತಾನು ಮಹಾರೋಗಿ ಎಂಬ ಭ್ರಮೆ. ಶುರುವಿನಲ್ಲೇ ಔಷಧಿ ಅಂಗಡಿಯ ಲೆಕ್ಕ ಹಿಡಿದು ಕುಳಿತಿರುತ್ತಾನೆ. ಈ ತಿಂಗಳು ಎಂಟು ಔಷಧ, ಹನ್ನೆರಡು ಎನಿಮಾ. ಹೋದ ತಿಂಗಳು ಹನ್ನೆರಡು ಔಷಧ, ಇಪ್ಪತ್ತು ಎನಿಮಾ. ಅದಕ್ಕೇ ಈ ತಿಂಗಳು ಮೈ ಸರಿಯಿಲ್ಲ ಎಂದು ತೀರ್ಮಾನಿಸುತ್ತಾನೆ. ರಕ್ತಪರೀಕ್ಷೆಯ ವರದಿಗಳನ್ನು ತಾರೀಖಿನ ಪ್ರಕಾರ ಫೈಲಿನಲ್ಲಿಟ್ಟು, ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದನ್ನೇ ಕೊಡುವ ಮಾವ ಕಣ್ಣ ಮುಂದೆ ಬಂದರು. ಮನೆಯಲ್ಲೇ ಒಬ್ಬ ವೈದ್ಯನಿರಲಿ ಎಂದು ಮಗಳು ಆಂಜೆಲಿಕ್‌ಳನ್ನು ಡಾಕ್ಟರಿಗೇ ಕೊಡಬೇಕು ಎನ್ನುತ್ತಾನೆ ಅವನು. ಶೈಲಳಿಗೆ ಮಾವ ಎಂಥ ಗಂಡು ಹುಡುಕುತ್ತಿದ್ದರು ಎಂಬುದು ನಿನಗೆ ಮರೆತಿಲ್ಲವಷ್ಟೆ?

ಅವನ ಹೆಂಡತಿ ಬೆಲೀನ್. ಅಮ್ಮ, ಬೈದುಕೋ ಬೇಕಾದರೆ, ಇಡೀ ನಾಟಕದಲ್ಲಿ ನನಗೆ ಮೆಚ್ಚಿಗೆಯಾದವಳು ಅವಳೇ. ಮೂರು ಅಂಕದಲ್ಲಿ ಅವಳು ಇರುವ ಹೊತ್ತು ಬಹಳ ಕಡಿಮೆ. ನಮ್ಮ ಧಾರಾವಾಹಿಗಳ ಘಟವಾಣಿಯರಂತೆ ಮೂಲೆಯಲ್ಲಿ ನಿಂತು ತನ್ನ ಸಂಚನ್ನು ತಾನೇ ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ, ಹುಬ್ಬು ಹಾರಿಸುವುದಿಲ್ಲ, ದನಿ ಏರಿಸುವುದಿಲ್ಲ. ಮಗಳು, ತಮ್ಮ, ಕೆಲಸದ ತ್ವಾನೆತ್ ಎಲ್ಲರೂ ಆ ಮನುಷ್ಯನೊಡನೆ ವಾದಕ್ಕೆ ನಿಲ್ಲುತ್ತಾರೆ. ಇವಳೊಬ್ಬಳು ಮಾತ್ರ 'ಹೌದು, ನಿಮಗೆ ತುಂಬಾ ಹುಷಾರಿಲ್ಲ' ಎನ್ನುತ್ತಾಳೆ. ದಿಂಬು ತರಿಸಿ ಒಂದನ್ನು ಬೆನ್ನಿಗೆ, ಒಂದನ್ನು ಪಕ್ಕಕ್ಕೆ ಇಡುತ್ತಾಳೆ. ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಳ್ಳಿ, ಕಿವಿಗೆ ಗಾಳಿ ಹೋದರೇ ಶೀತವಾಗುವುದು ಎನ್ನುತ್ತಾಳೆ. ಸಾಕ್ಷಾತ್ ನಿನ್ನದೇ ಮಾತು! ತ್ವಾನೆತ್ ಕೂಡ ಒಂದು ದಿಂಬು ತಂದು, ಇಬ್ಬನಿ ಬೀಳದಿರಲಿ ಎಂದು ಅವನ ತಲೆಯ ಮೇಲೇ ಕುಕ್ಕುತ್ತಾಳೆ. ಆ ಮನೆಯಲ್ಲಿ ಅವನ ಹಿತ ಬಯಸುವವಳು ತ್ವಾನೆತ್. ಆದರೆ ದಿಂಬನ್ನು ಸರಿಯಾಗಿ ಇಡಲು ಬರುವುದು ಬೆಲೀನಳಿಗೆ. ಮೋಸಗಾತಿಗೆ ಇಷ್ಟು ಒಳ್ಳೆಯ ಕೈಗುಣ ಕೊಟ್ಟಿದ್ದಾನಲ್ಲ, ಅದು ಮೊಲಿಯೇರನ ಜಾಣತನ.

ಆಮೇಲೆ ನೋಟರಿ ಬರುತ್ತಾನೆ. ಇಲ್ಲಿಯ ನೋಟರಿ ಎಂದರೆ ನಮ್ಮ ಕೋರ್ಟಿನ ಎದುರು ಮರದ ನೆರಳಿನಲ್ಲಿ ಸೀಲು ಹಿಡಿದು ಕುಳಿತವರಲ್ಲ. ಬಾಗಿಲಿಗೆ ಚಿನ್ನದ ಬಣ್ಣದ ಅಂಡಾಕಾರದ ಫಲಕ ತೂಗುಹಾಕಿಕೊಂಡ ದೊಡ್ಡ ಮನುಷ್ಯರು, ಮನೆ ಮಾರಲೂ ಕೊಳ್ಳಲೂ ಅವರೇ ಬೇಕು. ಪ್ಯಾರಿಸ್ಸಿನ ಆಗಿನ ಕಟ್ಟಳೆಯಂತೆ ಗಂಡ ಉಯಿಲಿನ ಮೂಲಕ ಹೆಂಡತಿಗೆ ಏನನ್ನೂ ಬಿಡುವಂತಿರಲಿಲ್ಲ. ಬದುಕಿರುವಾಗಲೇ ಕೈಗೆ ನಗದು ಕೊಟ್ಟುಬಿಡಿ ಎಂದು ನೋಟರಿ ದಾರಿ ತೋರಿಸುತ್ತಾನೆ. ಮಲಗುವ ಕೋಣೆಯ ಮರದ ಹಲಗೆಯ ಹಿಂದೆ ಇಪ್ಪತ್ತು ಸಾವಿರ ಫ್ರಾಂಕ್ ಚಿನ್ನವಿದೆ, ಜೊತೆಗೆ ಬರಬೇಕಾದ ಹಣದ ಎರಡು ಹುಂಡಿಪತ್ರಗಳಿವೆ ಎಂದು ಆರ್ಗಾನ್ ಹೇಳುತ್ತಾನೆ. ನೀವಿಲ್ಲದ ಮೇಲೆ ನನಗೆ ಹಣ ಯಾಕೆ ಎಂದು ಬೆಲೀನ್ ಬಿಕ್ಕಳಿಸುತ್ತಾಳೆ. ಬಿಕ್ಕಳಿಸುತ್ತಲೇ ಚಿನ್ನ ಎಷ್ಟಿದೆ ಎಂದಿರಿ ಎಂದು ಕೇಳುತ್ತಾಳೆ. ಆಸ್ತಿಯ ಮಾತೆತ್ತಬೇಡಿ ಎಂದು ಮತ್ತೆ ಅಳು, ಅಳುವಿನ ನಡುವೆಯೇ ಆ ಹುಂಡಿಗಳು ಎಷ್ಟೆಷ್ಟರವು ಎಂಬ ಪ್ರಶ್ನೆ. ಕಣ್ಣೀರಿನ ಒಂದು ಹನಿಯೂ ಲೆಕ್ಕ ತಪ್ಪುವುದಿಲ್ಲ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ತಟ್ಟುವಾಗ ಚೀಲದಲ್ಲಿದ್ದ ನಿನ್ನ ಪತ್ರ ನೆನಪಾಗಿ ಕೈ ಸ್ವಲ್ಪ ನಿಧಾನವಾಯಿತು ಎಂಬುದೂ ನಿಜ.

ಕೊನೆಯಲ್ಲಿ ತ್ವಾನೆತ್‌ಳ ಉಪಾಯದಂತೆ ಆರ್ಗಾನ್ ಸತ್ತಂತೆ ಬಿದ್ದುಕೊಳ್ಳುತ್ತಾನೆ. ಬೆಲೀನ್ ಬಂದು ನೋಡಿ, ಸದ್ಯ, ದೊಡ್ಡ ಹೊರೆ ಇಳಿಯಿತು ಎನ್ನುತ್ತಾಳೆ. ಗಂಡನ ಗುಣಗಾನ ಶುರುವಾಗುತ್ತದೆ: ಕೊಳಕ, ಸದಾ ಹೊಟ್ಟೆಯಲ್ಲಿ ಔಷಧ, ಕೆಮ್ಮು, ಸಿಂಬಳ, ಸಿಡುಕು, ಹಗಲೂ ರಾತ್ರಿ ಆಳುಗಳಿಗೆ ಬೈಗುಳ. ಅಷ್ಟು ಹೊತ್ತು ಅವನನ್ನು ಸಹಿಸಿಕೊಂಡು ಕುಳಿತ ನಮಗೆ ಒಂದು ಮಾತೂ ಸುಳ್ಳೆನಿಸಲಿಲ್ಲ. ಸುಳ್ಳುಗಾತಿ ಬಾಯಿಬಿಟ್ಟು ನಿಜ ಹೇಳಿದ ಒಂದೇ ಸಲಕ್ಕೆ ಸಿಕ್ಕಿಬೀಳುತ್ತಾಳೆ. ನನ್ನ ಒಳ್ಳೆಯ ವರ್ಷಗಳನ್ನೆಲ್ಲ ಇವನ ಪಕ್ಕದಲ್ಲಿ ಕಳೆದದ್ದು ದಂಡವಾಗಬಾರದು ಎಂದು ಕಾಗದಪತ್ರ, ಹಣ ತೆಗೆದುಕೊಳ್ಳಲು ಹೊರಡುತ್ತಾಳೆ. ಹೆಣ ಎದ್ದು ಕೂರುತ್ತದೆ. ಅವಳು ಓಡಿಹೋಗುತ್ತಾಳೆ, ಅಷ್ಟೆ. ಜೈಲೂ ಇಲ್ಲ, ಶಾಪವೂ ಇಲ್ಲ. ಅವಳು ಹೋದ ಮೇಲೆ ರಂಗ ಸ್ವಲ್ಪ ಸಪ್ಪೆಯಾಯಿತು ಅನ್ನಿಸಿತು ನನಗೆ.

ಇದನ್ನು ಓದಿ ಅಪ್ಪ ಹನುಮಂತನಗರಕ್ಕೆ ಹೋಗಿ ಮಾವನಿಗೆ ಸತ್ತಂತೆ ಮಲಗುವ ಉಪಾಯ ಹೇಳಿಕೊಡುವುದು ಬೇಡ. ಅವರ ರಕ್ತದೊತ್ತಡಕ್ಕೆ ಅದು ಆಗದು. ಎದೆ ಹಿಡಿದಂತಾಗುತ್ತದೆ ಎಂದು ಅವರು ಹೇಳಿದ್ದನ್ನು 'ಅಣ್ಣನ ಮಾಮೂಲಿ ಪುರಾಣ' ಎಂದು ಬರೆದಿದ್ದೀಯಲ್ಲ, ಹಾಗೆ ಬಿಡಬೇಡ. ಆರ್ಗಾನನ ಪಾತ್ರ ಮಾಡುತ್ತಿದ್ದವನು ಮೊಲಿಯೇರನೇ. ನಾಲ್ಕನೇ ಪ್ರದರ್ಶನದ ದಿನ, 1673ರ ಫೆಬ್ರವರಿ 17ರಂದು, ರಂಗದ ಮೇಲೇ ನಿಜವಾಗಿ ಕಾಯಿಲೆ ಜೋರಾಯಿತು. ಹೇಗೋ ಆಟ ಮುಗಿಸಿ ಮನೆಗೆ ಹೋಗಿ ಅದೇ ರಾತ್ರಿ ತೀರಿಕೊಂಡ. ಅವನು ಕುಳಿತಿದ್ದ ಕುರ್ಚಿಯನ್ನು ಇಲ್ಲಿಯ ಕಾಮೆದಿ ಫ್ರಾನ್ಸೇಸ್ ರಂಗಮಂದಿರದಲ್ಲಿ ಈಗಲೂ ಇಟ್ಟಿದ್ದಾರೆ. ಈ ವಾರವೇ ಮಾವನನ್ನು ಹೃದಯದ ಡಾಕ್ಟರಿಗೆ ತೋರಿಸಿ. ದುಡ್ಡು ನಾನು ಕಳಿಸುತ್ತೇನೆ.

ಇನ್ನು ಮನೆಯ ವಿಷಯ. ಅದು ಮಾವ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಬರೆಯದೇ ಇದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಸರೋಜತ್ತೆಗೂ ಶೈಲಳಿಗೂ ಸಮಪಾಲು. ಈಗಿನ ಫ್ರಾನ್ಸಿನಲ್ಲಾದರೆ ಒಂದೇ ಮಗುವಿದ್ದವರು ಆಸ್ತಿಯ ಅರ್ಧವನ್ನು ಆ ಮಗುವಿಗೆ ತಪ್ಪಿಸುವಂತೆಯೇ ಇಲ್ಲ. ನಮ್ಮಲ್ಲಿ ಆ ಕಟ್ಟು ಇಲ್ಲವಾದ್ದರಿಂದ ಕುಳಿತು ಮಾತಾಡಬೇಕು. ಅತ್ತೆ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಅವರಿಗೆ, ನಂತರ ಮನೆ ಶೈಲಳಿಗೆ ಎಂದು ಮಾವ ಸ್ಪಷ್ಟವಾಗಿ ಬರೆದು ನೋಂದಾಯಿಸಲಿ. ಶೈಲಳೂ ಇರಲಿ, ಅತ್ತೆಯೂ ಇರಲಿ, ಅದೇ ವಕೀಲರೇ ಆದರೂ ಚಿಂತೆಯಿಲ್ಲ. ಬಾಗಿಲು ತೆರೆದಿರಲಿ.

ಒಂದು ಮಾತು ಕೇಳಲೇ? ಕಾಲೇಜಿನಲ್ಲಿ ಪಾಠ ಮಾಡುವಾಗ ಕುವೆಂಪು ಅವರ ಮಂಥರೆಯ ಪರ ನಿಂತು ಹುಡುಗಿಯರ ಕಣ್ಣಲ್ಲಿ ನೀರು ತರಿಸುತ್ತಿದ್ದವಳು ನೀನು. ಸ್ವಂತ ಅತ್ತಿಗೆಯ ದಿಂಬು ಮಾತ್ರ ಯಾಕೆ ಅಷ್ಟು ಚುಚ್ಚುತ್ತದೆ? ರಾತ್ರಿ ಮಾವ ಕೆಮ್ಮಿದರೆ ಏಳುವವರು ಅವರು. ನಾನು ಇಲ್ಲಿ, ಶೈಲ ಪುಣೆಯಲ್ಲಿ, ನೀನು ಭಾನುವಾರಕ್ಕೊಮ್ಮೆ. ಅವರು ಬೆಲೀನಳೇ ಆಗಿದ್ದರೂ ಸಂಬಳ ಬಾಕಿ ಇದೆ ಎನ್ನುತ್ತೇನೆ ನಾನು. ಆಗಿಲ್ಲದೇ ಇದ್ದರೆ ನಾವೆಲ್ಲ ಹೇಗೆ ಮುಖ ತೋರಿಸುವುದು?

ಕೋಪ ಬಂತೇ? ಬರಲಿ. ನನ್ನ ಬಗ್ಗೆ ಯೋಚನೆ ಬೇಡ. ಫೋನಿನಲ್ಲಿ ಕೇಳಿಸಿದ್ದು ಕೆಮ್ಮಲ್ಲ, ಗಂಟಲು ಸರಿಮಾಡಿಕೊಂಡೆ ಅಷ್ಟೆ. ಚೆನ್ನಾಗಿ ಊಟ ಮಾಡುತ್ತಿದ್ದೇನೆ, ನಿದ್ದೆ ಮಾಡುತ್ತಿದ್ದೇನೆ, ತೂಕವೂ ಹೆಚ್ಚಿದೆ, ಟೋಪಿ ಹಾಕದೆ ಹೊರಗೆ ಹೋಗುವುದೇ ಇಲ್ಲ. ಸಾರಿನ ಪುಡಿ ಇನ್ನೂ ಇದೆ, ಕಳಿಸಬೇಡ. ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ? ನಾಳೆ ಬೆಳಿಗ್ಗೆ ಬೇಗ ಕಚೇರಿಗೆ ಹೋಗಬೇಕು, ಇವರು ದೀಪ ಆರಿಸು ಎನ್ನುತ್ತಿದ್ದಾರೆ. ಡಾಕ್ಟರು ಏನೆಂದರು ಎಂದು ಆ ದಿನವೇ ತಿಳಿಸು.

ನಿನ್ನ
ವಿನು

ಶೈಲಳಿಗೆ ನಾನೇ ಬರೆಯುತ್ತೇನೆ, ನೀನು ಏನೂ ಹೇಳಬೇಡ.